ನಿಂತಂತೆ ಕಾಣುವ ನೀರು, ಮೇಲೇರಿದಂತೆ ಕಾಣುವ ಧಾರೆ

ಪೀಠಿಕೆ

ಹೈದರಾಬಾದಿನ ಬೇಗಂ ಬಜಾರ್ ಮೂಸಿ ನದಿಯ ಉತ್ತರ ಭಾಗದಲ್ಲಿ, ಅಫ್ಜಲ್ ಗಂಜಿನ ಸಮೀಪದಲ್ಲಿರುವ ಹಳೆಯ ಸಗಟು ಪೇಟೆ. ಪಾತ್ರೆ ಪಡಗ, ಪ್ಲಾಸ್ಟಿಕ್ ಸಾಮಾನು, ಕಿರಾಣಿ ಪದಾರ್ಥ, ಒಣಹಣ್ಣು ಮೊದಲಾದವುಗಳ ವ್ಯಾಪಾರಕ್ಕೆ ಅದು ಹೆಸರಾಗಿದೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೂ ಈ ಪೇಟೆ ಅಪರಿಚಿತವಲ್ಲ. ಇಂಥ ಪೇಟೆಯಲ್ಲಿ ದೊರೆಯುವ ಎರಡು ಬಕೆಟ್ಟು, ಒಂದು ಮೊಳ ರಬ್ಬರ್ ಕೊಳವೆ, ಹತ್ತಿರದ ಕೋಠಿ ಪ್ರದೇಶದ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ದೊರೆಯುವ ಒಂದು ಧ್ವನಿವರ್ಧಕ, ಜೊತೆಗೆ ಒಂದು ವಿಡಿಯೋ ಕ್ಯಾಮೆರಾ ಇದ್ದರೆ ಭೌತವಿಜ್ಞಾನದ ಒಂದು ಸೋಜಿಗದ ಪ್ರಯೋಗವನ್ನು ಮಾಡಬಹುದಾಗಿದೆ.

ಈ ಪ್ರಯೋಗದಲ್ಲಿ ಕೊಳವೆಯಿಂದ ಬೀಳುವ ನೀರಿನ ಧಾರೆಯು ಕ್ಯಾಮೆರಾದ ಪರದೆಯ ಮೇಲೆ ಬಾಗಿಸಿದ ಗಾಜಿನ ಸರಳಿನಂತೆ ನಿಶ್ಚಲವಾಗಿ ನಿಲ್ಲುತ್ತದೆ. ಧ್ವನಿಯ ಸ್ಥಾಯಿಯನ್ನು ತುಸು ಇಳಿಸಿದರೆ ಧಾರೆಯು ಮೆಲ್ಲನೆ ಮೇಲಕ್ಕೇರಿ ಕೊಳವೆಯೊಳಗೆ ಹಿಂದಿರುಗುವಂತೆ ತೋರುತ್ತದೆ. ಆದರೆ ಪಕ್ಕದಲ್ಲಿ ನಿಂತು ಬರಿಗಣ್ಣಿನಿಂದ ನೋಡುವವನಿಗೆ ನೀರು ಎಂದಿನಂತೆ ಕೆಳಗೇ ಬೀಳುತ್ತಿರುತ್ತದೆ. ಇಲ್ಲಿ ಕೈಚಳಕವಾಗಲಿ ಚಿತ್ರದ ತಿದ್ದುಪಡಿಯಾಗಲಿ ಇಲ್ಲ. ಹಾಗಾದರೆ ಕ್ಯಾಮೆರಾ ಸುಳ್ಳು ಹೇಳಿತೇ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಈ ಪಾಠದ ಉದ್ದೇಶ. ಇದೇ ಉತ್ತರವು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವ ಕಾರ್ಮಿಕನ ಕೈಬೆರಳುಗಳ ರಕ್ಷಣೆಗೂ ಸಂಬಂಧಿಸಿದೆ ಎಂಬುದನ್ನು ಮುಂದೆ ನೋಡಲಿದ್ದೇವೆ.

ಪ್ರಯೋಗದ ಕ್ರಮ

ಒಂದು ಬಕೆಟ್ಟನ್ನು ಎತ್ತರದ ಮೇಜಿನ ಮೇಲೂ ಇನ್ನೊಂದನ್ನು ನೆಲದ ಮೇಲೂ ಇರಿಸಬೇಕು. ಮೇಲಿನ ಬಕೆಟ್ಟಿನಿಂದ ಬೆರಳಿಗಿಂತ ಸಣ್ಣದಾದ ಕೊಳವೆಯ ಮೂಲಕ ನೀರು ಒಂದೇ ಸಮನೆ ಇಳಿಯುವಂತೆ ಮಾಡಬೇಕು. ಕೊಳವೆಯ ತುದಿಯನ್ನು ಧ್ವನಿವರ್ಧಕದ ಕಾಗದದ ಶಂಕುವಿಗೆ ಅಂಟುಪಟ್ಟಿಯಿಂದ ಬಿಗಿದು, ತುದಿಯು ಶಂಕುವಿನ ಅಂಚಿನಿಂದ ಒಂದೆರಡು ಸೆಂಟಿಮೀಟರಿನಷ್ಟು ಹೊರಚಾಚುವಂತೆ ಇರಿಸಬೇಕು. ಸಣ್ಣ ಧ್ವನಿವರ್ಧಕಗಳು ತೀರ ತಗ್ಗಿನ ಧ್ವನಿಯನ್ನು ಹೊರಡಿಸಲಾರವಾದ್ದರಿಂದ ಸುಮಾರು 8 ಅಂಗುಲ ಅಥವಾ ಅದಕ್ಕೂ ಅಗಲವಾದ ಧ್ವನಿವರ್ಧಕ ಬೇಕಾಗುತ್ತದೆ. ಪ್ರಯೋಗಶಾಲೆಯ ಧ್ವನಿ ಆಂದೋಲಕದಿಂದ, ಇಲ್ಲವೇ ಮೊಬೈಲ್ ಫೋನಿನ ತಕ್ಕ ಆ್ಯಪ್‌ನಿಂದ, ಸೆಕೆಂಡಿಗೆ 25 ಕಂಪನಗಳ ಧ್ವನಿಯನ್ನು ಅದಕ್ಕೆ ನೀಡಬೇಕು. ಸೆಕೆಂಡಿಗೆ ಒಂದು ಕಂಪನವನ್ನು ಒಂದು ಹರ್ಟ್ಸ್ ಎನ್ನುತ್ತಾರೆ.

ಎಚ್ಚರಿಕೆ: ನೀರು ಮತ್ತು ವಿದ್ಯುತ್ತು ಒಂದೆಡೆ ಸೇರುವ ಪ್ರಯೋಗ ಇದಾದ್ದರಿಂದ ಧ್ವನಿವರ್ಧಕವನ್ನು ಬ್ಯಾಟರಿಯಿಂದ ನಡೆಯುವ ಆಂಪ್ಲಿಫೈಯರಿಗೆ ಮಾತ್ರ ಜೋಡಿಸಬೇಕು. ಗೋಡೆಯ ಪ್ಲಗ್ಗಿಗೆ ಜೋಡಿಸಿದ ಯಾವ ಉಪಕರಣವೂ ನೀರಿನ ಸಮೀಪ ಇರಕೂಡದು. ಮಕ್ಕಳು ಹಿರಿಯರ ಸಮಕ್ಷಮದಲ್ಲಿಯೇ ಈ ಪ್ರಯೋಗವನ್ನು ಮಾಡತಕ್ಕದ್ದು. ಕೆಳಗಿನ ಬಕೆಟ್ಟಿನ ನೀರನ್ನು ಮತ್ತೆ ಮೇಲಿನದಕ್ಕೆ ಸುರಿದುಕೊಂಡರೆ ನೀರು ವ್ಯರ್ಥವಾಗುವುದಿಲ್ಲ.

ಧಾರೆಯ ರೂಪ ಬೇರೆ, ನೀರಿನ ಚಲನೆ ಬೇರೆ

ಧ್ವನಿಯೇ ನೀರನ್ನು ಬಗ್ಗಿಸುತ್ತದೆ ಎಂದು ಹಲವರು ಭಾವಿಸುತ್ತಾರೆ. ಈ ಪ್ರಯೋಗದ ಮಟ್ಟಿಗೆ ಅದು ಸರಿಯಲ್ಲ. 25 ಹರ್ಟ್ಸ್ ಧ್ವನಿ ನಮ್ಮ ಕಿವಿಗೆ ಕೇಳಿಸುವ ಕೆಳಮಿತಿಗೆ, ಎಂದರೆ ಸುಮಾರು 20 ಹರ್ಟ್ಸಿಗೆ, ಹತ್ತಿರದ್ದು. ಅದು ಗುಡುಗುಡು ಎಂಬ ಅದುರಿನಂತೆ ಮಾತ್ರ ಅನುಭವಕ್ಕೆ ಬರುತ್ತದೆ. ಧ್ವನಿವರ್ಧಕದ ಶಂಕು ಸೆಕೆಂಡಿಗೆ 25 ಬಾರಿ ಹಿಂದಕ್ಕೂ ಮುಂದಕ್ಕೂ ತೂಗುವಾಗ ಅದಕ್ಕೆ ಅಂಟಿಸಿದ ಕೊಳವೆಯ ತುದಿಯೂ ಹಾಗೆಯೇ ತೂಗುತ್ತದೆ. ಈ ತೂಗಾಟವೇ ಧಾರೆಗೆ ಅಲೆಯ ರೂಪವನ್ನು ಕೊಡುತ್ತದೆ. ಕೈತೋಟಕ್ಕೆ ನೀರು ಹಾಯಿಸುವಾಗ ಕೊಳವೆಯನ್ನು ಬೇಗಬೇಗ ಅತ್ತಿತ್ತ ಆಡಿಸಿದರೆ ನೀರು ಹಾವಿನಂತೆ ಬಳುಕುತ್ತ ಹೋಗುವುದನ್ನು ಎಲ್ಲರೂ ಕಂಡಿರುತ್ತಾರೆ. ಇಲ್ಲಿ ನಡೆಯುವುದೂ ಅದೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಯಾವ ನೀರಿನ ಹನಿಯೂ ಆ ಅಂಕುಡೊಂಕಿನ ದಾರಿಯಲ್ಲಿ ಪಯಣಿಸುವುದಿಲ್ಲ. ಕೊಳವೆ ಬಲಕ್ಕೆ ತೂಗುವಾಗ ಹೊರಬಿದ್ದ ನೀರು ಬಲಕ್ಕೆ ಸರಿಯುತ್ತ ಬೀಳುತ್ತದೆ. ಎಡಕ್ಕೆ ತೂಗುವಾಗ ಹೊರಬಿದ್ದದ್ದು ಎಡಕ್ಕೆ ಸರಿಯುತ್ತ ಬೀಳುತ್ತದೆ. ಪ್ರತಿಯೊಂದು ಅಂಶವೂ ಎಸೆದ ಕಲ್ಲಿನಂತೆ ತನ್ನದೇ ಹಾದಿಯಲ್ಲಿ ಬೀಳುತ್ತಿರುತ್ತದೆ. ಒಂದು ಕ್ಷಣದಲ್ಲಿ ಅವೆಲ್ಲ ಎಲ್ಲೆಲ್ಲಿವೆ ಎಂಬುದನ್ನು ಜೋಡಿಸಿದಾಗ ಮೂಡುವ ಆಕೃತಿಯೇ ಅಲೆ. ಈ ಕಾರಣದಿಂದಲೇ ಕೆಳಗಿಳಿದಂತೆ ಅಲೆಯ ಅಗಲವೂ ಹೆಚ್ಚುತ್ತದೆ.

ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರವನ್ನು ಲೆಕ್ಕ ಹಾಕುವುದು ಸುಲಭ. ನೀರಿನ ವೇಗವನ್ನು ಕಂಪನಗಳ ಸಂಖ್ಯೆಯಿಂದ ಭಾಗಿಸಿದರಾಯಿತು. ನೀರು ಸೆಕೆಂಡಿಗೆ 1 ಮೀಟರ್ ವೇಗದಿಂದ ಕೊಳವೆಯನ್ನು ಬಿಡುತ್ತದೆ ಎಂದಿಟ್ಟುಕೊಂಡರೆ ಆ ದೂರ 100ನ್ನು 25ರಿಂದ ಭಾಗಿಸಿದಷ್ಟು, ಎಂದರೆ 4 ಸೆಂಟಿಮೀಟರ್. ಗುರುತ್ವದ ಸೆಳೆತದಿಂದ 20 ಸೆಂಟಿಮೀಟರ್ ಕೆಳಗೆ ನೀರಿನ ವೇಗ ಸೆಕೆಂಡಿಗೆ ಸುಮಾರು 2.2 ಮೀಟರಿಗೆ ಏರಿರುತ್ತದೆ; ಅಲ್ಲಿ ಉಬ್ಬುಗಳ ನಡುವಣ ದೂರ ಸುಮಾರು 9 ಸೆಂಟಿಮೀಟರ್ ಆಗುತ್ತದೆ.

ಕ್ಯಾಮೆರಾ ನೋಡುವ ಬಗೆ

ವಿಡಿಯೋ ಕ್ಯಾಮೆರಾ ಚಲನೆಯನ್ನು ಎಡೆಬಿಡದೆ ನೋಡುವುದಿಲ್ಲ. ನಿಯತ ಅಂತರದಲ್ಲಿ ಬಿಡಿ ಚಿತ್ರಗಳನ್ನು ತೆಗೆಯುತ್ತದೆ. ಚಲನಚಿತ್ರದಲ್ಲಿ ರೂಢಿಯಾಗಿ ಸೆಕೆಂಡಿಗೆ 24 ಚಿತ್ರಗಳು. ಭಾರತದ ದೂರದರ್ಶನವು ಅನುಸರಿಸಿದ ಪಾಲ್ ಪದ್ಧತಿಯಲ್ಲಿ 25. ಬಹುತೇಕ ಮೊಬೈಲ್ ಫೋನುಗಳಲ್ಲಿ ಸುಮಾರು 30. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಏನು ನಡೆಯಿತೆಂಬುದು ಕ್ಯಾಮೆರಾಕ್ಕೆ ತಿಳಿಯದು. ಬಿಡಿ ಚಿತ್ರಗಳನ್ನು ಬೆಸೆದು ಚಲನೆಯನ್ನು ಊಹಿಸಿಕೊಳ್ಳುವುದು ನೋಡುವವರ ಮಿದುಳಿನ ಕೆಲಸ.

ಈಗ ಸೆಕೆಂಡಿಗೆ 25 ಚಿತ್ರ ತೆಗೆಯುವ ಕ್ಯಾಮೆರಾ ನಮ್ಮ 25 ಹರ್ಟ್ಸ್ ಧಾರೆಯನ್ನು ನೋಡುತ್ತಿದೆ ಎಂದುಕೊಳ್ಳೋಣ. ಒಂದು ಚಿತ್ರದಿಂದ ಮುಂದಿನದಕ್ಕೆ ಸೆಕೆಂಡಿನ 25ನೇ ಒಂದು ಪಾಲು ಕಾಲ ಕಳೆಯುತ್ತದೆ. ಅಷ್ಟರಲ್ಲಿ ಕೊಳವೆಯು ಒಂದು ಪೂರ್ಣ ತೂಗಾಟವನ್ನು ಮುಗಿಸಿ ಮೊದಲಿನ ಸ್ಥಾನಕ್ಕೆ ಬಂದಿರುತ್ತದೆ. ಮೊದಲ ಉಬ್ಬು ಎರಡನೆಯ ಉಬ್ಬಿದ್ದ ಸ್ಥಳಕ್ಕೆ, ಎರಡನೆಯದು ಮೂರನೆಯದರ ಸ್ಥಳಕ್ಕೆ ಇಳಿದಿರುತ್ತದೆ. ನೀರು ಹೊಸದು, ಆಕೃತಿ ಹಳೆಯದು. ಸಾಲಿನಲ್ಲಿ ನಿಂತ ಒಂದೇ ಸಮವಸ್ತ್ರದ ಮಕ್ಕಳು, ನಾವು ಕಣ್ಣು ಮುಚ್ಚಿದ್ದಾಗ ಒಬ್ಬೊಬ್ಬರೂ ಮುಂದಿನವರ ಸ್ಥಳಕ್ಕೆ ಸರಿದು ನಿಂತರೆ ಸಾಲು ಕದಲಲೇ ಇಲ್ಲವೆಂದು ತೋರುವುದಿಲ್ಲವೇ? ಧಾರೆಯೂ ಹಾಗೆಯೇ ಸ್ಥಿರವಾಗಿ ತೋರುತ್ತದೆ.

ಧ್ವನಿಯನ್ನು 24 ಹರ್ಟ್ಸಿಗೆ ಇಳಿಸಿದಾಗ ಎರಡು ಚಿತ್ರಗಳ ನಡುವೆ ತೂಗಾಟ ಪೂರ್ತಿಯಾಗುವುದಿಲ್ಲ. 25ರಲ್ಲಿ 24 ಪಾಲು ಮಾತ್ರ ಮುಗಿದಿರುತ್ತದೆ. ಆದುದರಿಂದ ಪ್ರತಿಯೊಂದು ಉಬ್ಬೂ ತನ್ನ ಮುಂದಿನದು ಇದ್ದ ಸ್ಥಳವನ್ನು ತಲುಪುವ ಮೊದಲೇ, ಸ್ವಲ್ಪ ಮೇಲೆಯೇ ಸಿಕ್ಕಿಬೀಳುತ್ತದೆ. ಮಿದುಳು ಇದನ್ನು ಕೆಳಗೆ ಜಾರಿದ ಹೊಸ ಉಬ್ಬು ಎಂದು ತಿಳಿಯದೆ, ಮೊದಲಿನ ಉಬ್ಬೇ ತುಸು ಮೇಲೇರಿತೆಂದು ತಿಳಿಯುತ್ತದೆ. ಒಂದು ಸೆಕೆಂಡಿನಲ್ಲಿ ಇಂಥ 25 ಸಣ್ಣ ಸರಿತಗಳು ಕೂಡಿ ಧಾರೆಯು ಒಂದು ಅಲೆಯಷ್ಟು ದೂರ ಮೇಲೆ ಹೋದಂತೆ ಕಾಣುತ್ತದೆ. ಧ್ವನಿಯನ್ನು 26 ಹರ್ಟ್ಸಿಗೆ ಏರಿಸಿದರೆ ಅದೇ ಪ್ರಮಾಣದಲ್ಲಿ ಕೆಳಗಿಳಿಯುತ್ತದೆ. ಧ್ವನಿಯ ಕಂಪನಸಂಖ್ಯೆಯಿಂದ ಚಿತ್ರಗಳ ಸಂಖ್ಯೆಯನ್ನು ಕಳೆದಾಗ ಉಳಿಯುವ ಅಂತರವೇ ಪರದೆಯ ಮೇಲಿನ ತೋರಿಕೆಯ ಚಲನೆ. 50 ಹರ್ಟ್ಸಿನಲ್ಲಿ ಒಂದು ಚಿತ್ರಾಂತರಕ್ಕೆ ಎರಡು ಪೂರ್ಣ ತೂಗಾಟಗಳಾಗುವುದರಿಂದ ಆಗಲೂ ಧಾರೆ ನಿಂತಂತೆಯೇ ಕಾಣುತ್ತದೆ. ಅಲೆಗಳು ಮಾತ್ರ ಒತ್ತೊತ್ತಾಗಿರುತ್ತವೆ.

ಬೆಳಕು, ಷಟರ್ ಮತ್ತು ಬರಿಗಣ್ಣು

ಚಿತ್ರ ಸ್ಪಷ್ಟವಾಗಿ ಮೂಡಲು ಇನ್ನೊಂದು ಷರತ್ತಿದೆ. ಪ್ರತಿ ಚಿತ್ರಕ್ಕೂ ಷಟರ್ ತೆರೆದಿರುವ ಅವಧಿ ಅತಿ ಕಡಿಮೆಯಾಗಿರಬೇಕು. ಸೆಕೆಂಡಿಗೆ 1 ಮೀಟರ್ ವೇಗದ ನೀರು ಸೆಕೆಂಡಿನ 50ನೇ ಒಂದು ಪಾಲಿನಲ್ಲಿ 2 ಸೆಂಟಿಮೀಟರ್ ಸಾಗಿಬಿಡುತ್ತದೆ, ಚಿತ್ರ ಮಸುಕಾಗುತ್ತದೆ. ಸಾವಿರದ ಒಂದು ಪಾಲಿನಲ್ಲಿ ಅದು ಸಾಗುವುದು ಕೇವಲ 1 ಮಿಲಿಮೀಟರ್. ಇಷ್ಟು ಕಡಿಮೆ ಅವಧಿಯಲ್ಲಿ ಚಿತ್ರ ಮೂಡಲು ಪ್ರಖರ ಬೆಳಕು ಬೇಕು. ಆದ್ದರಿಂದ ಈ ಪ್ರಯೋಗವನ್ನು ಹಗಲಿನ ಬಿಸಿಲಿನಲ್ಲಿ ಮಾಡುವುದು ಲೇಸು. ಮಂದ ಬೆಳಕಿನಲ್ಲಿ ಮೊಬೈಲ್ ಕ್ಯಾಮೆರಾ ತಾನಾಗಿ ಷಟರಿನ ಅವಧಿಯನ್ನು ಹೆಚ್ಚಿಸಿಕೊಳ್ಳುವುದರಿಂದ ಪ್ರಯೋಗ ಕೈಗೂಡದೆ ಹೋಗಬಹುದು.

ಮೊಬೈಲ್ ಕ್ಯಾಮೆರಾ ಬಳಸುವವರು 30 ಹರ್ಟ್ಸಿನ ಸುತ್ತಮುತ್ತ ಧ್ವನಿಯನ್ನು ಸ್ವಲ್ಪಸ್ವಲ್ಪವೇ ಬದಲಿಸುತ್ತ ಧಾರೆ ನಿಲ್ಲುವ ಸ್ಥಾನವನ್ನು ಹುಡುಕಬೇಕು. ಇಂಥ ಕ್ಯಾಮೆರಾಗಳಲ್ಲಿ ಬಹುಪಾಲು ಇಡೀ ಚಿತ್ರವನ್ನು ಏಕಕಾಲಕ್ಕೆ ತೆಗೆಯದೆ ಗೆರೆಗೆರೆಯಾಗಿ ಓದುತ್ತವೆ. ಚಿತ್ರದ ಒಂದು ಅಂಚು ಇನ್ನೊಂದಕ್ಕಿಂತ ಕ್ಷಣಕಾಲ ತಡವಾಗಿ ದಾಖಲಾಗುವುದರಿಂದ ವೇಗವಾಗಿ ಚಲಿಸುವ ವಸ್ತುವಿನ ಆಕಾರ ತುಸು ಓರೆಯಾಗಿಯೋ ಹಿಗ್ಗಿದಂತೆಯೋ ಕಾಣುವುದುಂಟು.

ಬರಿಗಣ್ಣಿಗೆ ಈ ನೋಟ ಏಕೆ ಕಾಣುವುದಿಲ್ಲ? ಬಿಸಿಲು ಎಡೆಬಿಡದ ಬೆಳಕು. ಕಣ್ಣಿಗೆ ಷಟರ್ ಇಲ್ಲ. ಸೆಕೆಂಡಿಗೆ 25 ಬಾರಿ ಬಳುಕುವ ಧಾರೆಯು ಕಣ್ಣಿಗೆ ಒಂದು ಮಸುಕಾದ ಪಟ್ಟಿಯಂತೆ ಮಾತ್ರ ತೋರುತ್ತದೆ. ಆದರೆ ಕತ್ತಲೆ ಕೋಣೆಯಲ್ಲಿ ಸೆಕೆಂಡಿಗೆ 25 ಬಾರಿ ಮಿನುಗುವ ದೀಪದಿಂದ ಬೆಳಗಿದರೆ ಬರಿಗಣ್ಣಿಗೂ ನೀರು ನಿಂತಂತೆ ಕಾಣುತ್ತದೆ. ಆಗ ಷಟರಿನ ಕೆಲಸವನ್ನು ದೀಪವೇ ಮಾಡುತ್ತದೆ. ಇಂಥ ದೀಪಕ್ಕೆ ಸ್ಟ್ರೋಬೋಸ್ಕೋಪ್ ಎಂದು ಹೆಸರು. ಮಿನುಗುವ ಬೆಳಕು ಕೆಲವು ಮೂರ್ಛೆರೋಗಿಗಳಲ್ಲಿ ಮೂರ್ಛೆಯನ್ನು ಪ್ರಚೋದಿಸಬಹುದಾದ್ದರಿಂದ ಅಂಥವರು ಈ ಪ್ರದರ್ಶನದಿಂದ ದೂರವಿರಬೇಕು.

ಪೂರ್ವ ಇತಿಹಾಸ

ಈ ಭ್ರಮೆಯ ತತ್ತ್ವ ಕ್ಯಾಮೆರಾಕ್ಕಿಂತ ಹಳೆಯದು. 1831ರಲ್ಲಿ ಮೈಕೆಲ್ ಫ್ಯಾರಡೆ ಒಂದರ ಹಿಂದೆ ಒಂದು ತಿರುಗುವ ಹಲ್ಲುಚಕ್ರಗಳು ನಿಂತಂತೆ ತೋರುವ ಬಗೆಯನ್ನು ಕುರಿತು ಬರೆದರು. 1832ರ ಸುಮಾರಿಗೆ ಬೆಲ್ಜಿಯಂ ದೇಶದ ಜೋಸೆಫ್ ಪ್ಲಾಟೋ ಮತ್ತು ಆಸ್ಟ್ರಿಯಾದ ಸೈಮನ್ ಸ್ಟಾಂಪ್ಫರ್ ಬೇರೆಬೇರೆಯಾಗಿ ಸೀಳುಗಂಡಿಗಳುಳ್ಳ ತಿರುಗುಫಲಕವನ್ನು ರಚಿಸಿ ಬಿಡಿ ಚಿತ್ರಗಳಿಂದ ಚಲನೆಯ ಭ್ರಮೆಯನ್ನು ಹುಟ್ಟಿಸಿದರು. 1833ರಲ್ಲಿ ಫ್ರಾನ್ಸಿನ ಫೆಲಿಕ್ಸ್ ಸವಾರ್, ನೀರಿನ ಧಾರೆ ಹನಿಗಳಾಗಿ ಒಡೆಯುವ ಕ್ರಮದ ಮೇಲೆ ಧ್ವನಿಯ ಪ್ರಭಾವ ಉಂಟೆಂದು ತೋರಿಸಿದರು. ನೀರಿನ ಧಾರೆಗಳನ್ನು ಮುಂದೆ ಆಳವಾಗಿ ಅಭ್ಯಸಿಸಿದವರಲ್ಲಿ ಪ್ಲಾಟೋ ಅವರೂ ಒಬ್ಬರು. ದೃಷ್ಟಿಯ ವಿಜ್ಞಾನಕ್ಕೆ ಇಷ್ಟೊಂದು ಕಾಣಿಕೆಯಿತ್ತ ಅವರು ತಮ್ಮ ಬಾಳಿನ ಉತ್ತರಾರ್ಧವನ್ನು ಕುರುಡರಾಗಿ ಕಳೆದರೆಂಬುದು ಮನಕಲಕುವ ಸಂಗತಿ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ವಿದ್ಯುತ್ ಮಿಂಚುದೀಪವನ್ನು ಬೆಳೆಸಿ ಬೀಳುವ ಹನಿಗಳನ್ನು ಗಾಳಿಯಲ್ಲೇ ನಿಲ್ಲಿಸಿದಂತೆ ತೋರಿಸಿದರು.

ಧ್ವನಿ, ದ್ರವ ಮತ್ತು ಬೆಳಕುಗಳ ಸಂಬಂಧದ ಬಗ್ಗೆ ಕರ್ನಾಟಕದ ನೆಲದಲ್ಲಿಯೂ ಹಿರಿದಾದ ಕಾರ್ಯ ನಡೆದಿದೆ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಸರ್ ಸಿ. ವಿ. ರಾಮನ್ ಅವರು ಎನ್. ಎಸ್. ನಾಗೇಂದ್ರನಾಥರೊಡನೆ 1935–36ರಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದರು. ದ್ರವದೊಳಗೆ ಕಿವಿಗೆ ನಿಲುಕದಷ್ಟು ಹೆಚ್ಚು ಕಂಪನದ ಧ್ವನಿ ಹಾಯುವಾಗ ಅದರ ಒತ್ತು ಮತ್ತು ಸಡಿಲಿನ ಪದರಗಳು ಬೆಳಕನ್ನು ಹಲವು ಕಿರಣಗಳಾಗಿ ಹರಡುವ ಪರಿಯನ್ನು ಅದು ವಿವರಿಸುತ್ತದೆ. ಇದು ಭ್ರಮೆಯಲ್ಲ, ಬೆಳಕಿನ ನಿಜವಾದ ವಿವರ್ತನೆ. ರಾಮನ್–ನಾಥ್ ಸಿದ್ಧಾಂತವೆಂದು ಅದು ಇಂದಿಗೂ ಪ್ರಸಿದ್ಧವಾಗಿದೆ.

ಕಾರ್ಖಾನೆಯಲ್ಲಿ ಅಪಾಯ

ನಮ್ಮ ದೇಶದ ವಿದ್ಯುತ್ ಸರಬರಾಜು 50 ಹರ್ಟ್ಸಿನ ಪರ್ಯಾಯ ವಿದ್ಯುತ್ತು. ಪ್ರತಿ ಆವರ್ತದಲ್ಲಿ ಎರಡು ಬಾರಿ ಅದು ಶೂನ್ಯಕ್ಕೆ ಇಳಿಯುವುದರಿಂದ ಹಳೆಯ ಬಗೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಹೊಳೆದು ಮಂಕಾಗುತ್ತಿರುತ್ತದೆ. ಕಣ್ಣಿಗೆ ಇದು ಗೋಚರಿಸುವುದಿಲ್ಲ. ಕೆಲವು ಅಗ್ಗದ ಎಲ್‌ಇಡಿ ದೀಪಗಳಲ್ಲಿಯೂ ಇಂಥ ಮಿನುಗು ಇರುತ್ತದೆ. ಬಜಾರಿನ ಅಂಗಡಿಯಲ್ಲಿ ತೆಗೆದ ಮೊಬೈಲ್ ವಿಡಿಯೋದಲ್ಲಿ ಕಪ್ಪು ಪಟ್ಟೆಗಳು ಹರಿದಾಡುವುದು ಇದರಿಂದಲೇ.

ಅಂಗಡಿಯಲ್ಲಿ ನಿರುಪದ್ರವಿಯಾದ ಈ ಮಿನುಗು ಯಂತ್ರಶಾಲೆಯಲ್ಲಿ ಅಪಾಯಕಾರಿಯಾಗಬಲ್ಲದು. ನಾಲ್ಕು ದವಡೆಗಳ ಚಕ್ ಇರುವ ಲೇತ್ ಒಂದು ನಿಮಿಷಕ್ಕೆ 1500 ಸುತ್ತು, ಎಂದರೆ ಸೆಕೆಂಡಿಗೆ 25 ಸುತ್ತು, ತಿರುಗುತ್ತಿದೆಯೆಂದು ಭಾವಿಸೋಣ. ಎರಡು ಹೊಳಪುಗಳ ನಡುವೆ ಅದು ಸರಿಯಾಗಿ ಕಾಲು ಸುತ್ತು ತಿರುಗುತ್ತದೆ. ಒಂದು ದವಡೆಯ ಸ್ಥಳಕ್ಕೆ ಮುಂದಿನ ದವಡೆ ಬಂದು ನಿಂತಿರುತ್ತದೆ. ಚಕ್ ನಿಂತಿದೆಯೆಂಬ ಭ್ರಮೆ ಉಂಟಾಗುತ್ತದೆ. ವೇಗ ನಿಮಿಷಕ್ಕೆ 1440 ಸುತ್ತಾದರೆ ಅದು ಸೆಕೆಂಡಿಗೆ ಒಂದು ಸುತ್ತಿನಂತೆ ಮೆಲ್ಲನೆ ಹಿಮ್ಮುಖವಾಗಿ ತಿರುಗುವಂತೆ ತೋರುತ್ತದೆ. ನೀರಿನ ಪ್ರಯೋಗದಲ್ಲಿ 25ಕ್ಕೆ 24 ಹೇಗೋ ಇಲ್ಲಿ 1500ಕ್ಕೆ 1440 ಹಾಗೆ. ಟ್ಯೂಬ್‌ಲೈಟ್ ಪೂರ್ತಿ ಆರುವುದಿಲ್ಲವಾದ್ದರಿಂದ ಈ ನೋಟ ಸ್ವಲ್ಪ ಮಸುಕಾಗಿರಬಹುದು. ಆದರೆ ಸದ್ದುಗದ್ದಲದ ನಡುವೆ, ದಣಿದ ಕಾರ್ಮಿಕನೊಬ್ಬ ಕೈ ಚಾಚಲು ಅಷ್ಟು ಭ್ರಮೆಯೇ ಸಾಕು.

ಇದಕ್ಕೆ ಪರಿಹಾರಗಳುಂಟು. ಮೂರು ಫೇಸಿನ ಸರಬರಾಜು ಇರುವಲ್ಲಿ ಅಕ್ಕಪಕ್ಕದ ದೀಪಗಳನ್ನು ಬೇರೆಬೇರೆ ಫೇಸುಗಳಿಗೆ ಜೋಡಿಸಿದರೆ ಒಂದು ಮಂಕಾದಾಗ ಇನ್ನೊಂದು ಹೊಳೆಯುತ್ತಿರುತ್ತದೆ. ಅತಿ ಹೆಚ್ಚಿನ ಕಂಪನದಲ್ಲಿ ನಡೆಯುವ ಎಲೆಕ್ಟ್ರಾನಿಕ್ ಚೋಕ್, ಇಲ್ಲವೇ ಮಿನುಗು ಇಲ್ಲದ ಉತ್ತಮ ಎಲ್‌ಇಡಿ ದೀಪಗಳನ್ನು ಬಳಸಬಹುದು. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ, ಯಂತ್ರ ನಿಂತಿದೆಯೆಂಬುದನ್ನು ಕಣ್ಣಿನಿಂದ ಮಾತ್ರ ನಿರ್ಧರಿಸಬಾರದು. ಸ್ವಿಚ್ ಆರಿಸಿ, ವಿದ್ಯುತ್ ಸಂಪರ್ಕವನ್ನು ಕಡಿದು, ಚಕ್ ನಿಲ್ಲುವಷ್ಟು ಸಮಯ ಕೊಟ್ಟ ಅನಂತರವೇ ಕೈ ಹಾಕಬೇಕು.

ಉಪಯೋಗ

ಇದೇ ತತ್ತ್ವ ಅಳತೆಯ ಸಾಧನವೂ ಆಗಿದೆ. ಗ್ರಾಮಫೋನಿನ ತಿರುಗುತಟ್ಟೆಯ ಅಂಚಿನಲ್ಲಿ 180 ಗುರುತುಗಳಿದ್ದು, 50 ಹರ್ಟ್ಸ್ ವಿದ್ಯುತ್ತಿನ ದೀಪದಡಿ ಅವು ನಿಂತಂತೆ ಕಂಡರೆ ತಟ್ಟೆ ನಿಮಿಷಕ್ಕೆ ಸರಿಯಾಗಿ 33⅓ ಸುತ್ತು ತಿರುಗುತ್ತಿದೆ ಎಂದರ್ಥ. ಎಂಜಿನಿಯರರು ಮೋಟಾರುಗಳ ವೇಗವನ್ನೂ ಪಂಖದ ಅಲುಗುಗಳ ಅದುರುವಿಕೆಯನ್ನೂ ಸ್ಟ್ರೋಬೋಸ್ಕೋಪಿನಿಂದ ಪರೀಕ್ಷಿಸುತ್ತಾರೆ. ನಮ್ಮ ನೀರಿನ ಪ್ರಯೋಗದಲ್ಲಿಯೂ ಧಾರೆಯ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನು ನಿಲ್ಲಿಸಿ, ಉಬ್ಬುಗಳ ನಡುವಣ ದೂರವನ್ನು ಅಳೆದು 25ರಿಂದ ಗುಣಿಸಿದರೆ ಆ ಎತ್ತರದಲ್ಲಿನ ನೀರಿನ ವೇಗ ದೊರೆಯುತ್ತದೆ. ಕಣ್ಣಿಗೆ ಮೋಸವೆನಿಸಿದ್ದು ಲೆಕ್ಕ ತಿಳಿದವನ ಕೈಯಲ್ಲಿ ಮಾಪಕವಾಗುತ್ತದೆ.

ಕಂಡದ್ದನ್ನು ಪರೀಕ್ಷಿಸುವ ಬಗೆ

ನೀರು ಮೇಲೇರುವ ವಿಡಿಯೋವನ್ನು ತೋರಿಸಿ ಇದೊಂದು ಪವಾಡವೆಂದು ಯಾರಾದರೂ ಹೇಳಿದರೆ ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ಕೆಳಗಿನ ಬಕೆಟ್ಟನ್ನು ನೋಡಬೇಕು. ಧಾರೆ ಮೇಲೇರುವಂತೆ ತೋರಿದರೂ ಅದು ತುಂಬುತ್ತಲೇ ಇರುತ್ತದೆ. ಎರಡನೆಯದಾಗಿ, ನೀರು ಬಿದ್ದು ಚಿಮ್ಮುವ ಸ್ಥಳವನ್ನು ಗಮನಿಸಬೇಕು. ಸಿಡಿಯುವ ಹನಿಗಳು ನಿಯತ ಕ್ರಮದಲ್ಲಿ ಮರುಕಳಿಸುವುದಿಲ್ಲವಾದ್ದರಿಂದ ಅವು ನಿಲ್ಲುವುದೂ ಇಲ್ಲ, ಹಿಂದಕ್ಕೆ ಹೋಗುವುದೂ ಇಲ್ಲ. ಮೂರನೆಯದಾಗಿ, ಒಂದು ಅಂಶವನ್ನು ಬದಲಿಸಿ ನೋಡಬೇಕು. ಧ್ವನಿಯನ್ನೋ ಕ್ಯಾಮೆರಾದ ಚಿತ್ರಸಂಖ್ಯೆಯನ್ನೋ ಬದಲಿಸಿದೊಡನೆ ನೀರಿನ ದಿಕ್ಕು ಬದಲಾಯಿತೆಂದರೆ, ಆ ಚಲನೆ ನೀರಿನದಲ್ಲ, ನೋಟದ್ದು ಎಂಬುದು ಸಿದ್ಧವಾಗುತ್ತದೆ.

ಒಂದು ಅಂಶವನ್ನು ಬದಲಿಸಿ ನೋಡುವ ಈ ವಿಧಾನ ಬೇರೆ ಸಂದರ್ಭಗಳಲ್ಲಿಯೂ ದಾರಿದೀಪವಾಗಿದೆ. 1995ರ ಸೆಪ್ಟೆಂಬರ್ 21ರಂದು ವಿಗ್ರಹಗಳು ಹಾಲು ಕುಡಿಯುತ್ತಿವೆ ಎಂಬ ಸುದ್ದಿ ದೇಶದಾದ್ಯಂತ ಹರಡಿದಾಗ ವಿಜ್ಞಾನಿಗಳು ಮಾಡಿದ್ದೂ ಇದನ್ನೇ. ಅವರು ಹಾಲಿಗೆ ಬಣ್ಣ ಬೆರೆಸಿದರು. ಚಮಚೆಯಿಂದ ಮೇಲ್ಮೈ ಕರ್ಷಣದ ಬಲದಿಂದ ಸೆಳೆಯಲ್ಪಟ್ಟ ಹಾಲು ತೆಳುಪದರವಾಗಿ ವಿಗ್ರಹದ ಮೇಲೆ ಹರಿದಿಳಿಯುವುದು ಆಗ ಎಲ್ಲರಿಗೂ ಕಂಡಿತು. ನೋಡಿದವರು ಸುಳ್ಳಾಡಿರಲಿಲ್ಲ, ಅವರ ನೋಟ ಅಪೂರ್ಣವಾಗಿತ್ತು. 1976ರ 42ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 51ಎ ವಿಧಿಯು ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯಗಳಲ್ಲಿ ಒಂದಾಗಿ ಹೇಳಿದೆ. ಕಂಡದ್ದನ್ನು ಅಲ್ಲಗಳೆಯದೆ, ಕಂಡ ಬಗೆಯನ್ನು ವಿಚಾರಿಸುವುದೇ ಆ ಮನೋಭಾವದ ಮೊದಲ ಮೆಟ್ಟಿಲು.

ಕ್ಯಾಮೆರಾ ಸುಳ್ಳು ಹೇಳಿತೇ ಎಂಬ ಪ್ರಶ್ನೆಗೆ ಈಗ ಉತ್ತರಿಸಬಹುದು. ಅದು ತೆಗೆದ ಪ್ರತಿಯೊಂದು ಚಿತ್ರವೂ ನಿಜ. ಚಿತ್ರಗಳ ನಡುವಣ ಕಾಲವನ್ನು ನಾವು ತುಂಬಿಕೊಂಡ ಬಗೆ ಮಾತ್ರ ತಪ್ಪು.

ಅಭ್ಯಾಸ

1. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ 29 ಹರ್ಟ್ಸ್ ಧ್ವನಿಯ ಧಾರೆ ಯಾವ ದಿಕ್ಕಿನಲ್ಲಿ ಚಲಿಸುವಂತೆ ಕಾಣುತ್ತದೆ? ಕಾರಣ ತಿಳಿಸಿರಿ.

2. ಸೆಕೆಂಡಿಗೆ 25 ಚಿತ್ರಗಳ ಕ್ಯಾಮೆರಾದಲ್ಲಿ 75 ಹರ್ಟ್ಸ್ ಧ್ವನಿಯ ಧಾರೆ ಹೇಗೆ ಕಾಣುತ್ತದೆ? ಉಬ್ಬುಗಳ ನಡುವಣ ದೂರ 25 ಹರ್ಟ್ಸಿನಲ್ಲಿ ಇದ್ದುದರ ಎಷ್ಟನೇ ಪಾಲು?

3. ಅದೇ ಕ್ಯಾಮೆರಾದಲ್ಲಿ 12.5 ಹರ್ಟ್ಸ್ ಧ್ವನಿಯನ್ನು ಬಳಸಿದರೆ ಒಂದರ ಬದಲು ಎರಡು ಧಾರೆಗಳು ಹೆಣೆದುಕೊಂಡಂತೆ ಏಕೆ ಕಾಣುತ್ತವೆ?

4. ನಿಮ್ಮ ಊರಿನ ಒಂದು ಯಂತ್ರಶಾಲೆಗೆ ಅನುಮತಿ ಪಡೆದು ಭೇಟಿಯಿತ್ತು, ಯಂತ್ರಗಳ ಮೇಲಿನ ದೀಪಗಳು ಯಾವ ಬಗೆಯವು, ಅವನ್ನು ಒಂದೇ ಫೇಸಿಗೆ ಜೋಡಿಸಲಾಗಿದೆಯೇ ಎಂಬುದನ್ನು ಅಲ್ಲಿನ ವಿದ್ಯುತ್ ಕೆಲಸಗಾರರಿಂದ ಕೇಳಿ ತಿಳಿದು ಬರೆಯಿರಿ.